ಫಿಲಡೆಲ್ಫಿಯಾದಲ್ಲಿ ಒಂದು ಕೇರಿ ಇತ್ತು

ನಮ್ಮ ಸಂಘದ ಹಳೆಯ ಸದಸ್ಯರಲ್ಲಿ ಹಲವರು ಅಮೆರಿಕದಲ್ಲಿ ಮೊದಲ ಬಾಡಿಗೆ ಮನೆ ಹಿಡಿದದ್ದು ಪಶ್ಚಿಮ ಫಿಲಡೆಲ್ಫಿಯಾದಲ್ಲಿ. ಬಾಡಿಗೆ ಕಡಿಮೆ, ಟ್ರಾಲಿ ಹತ್ತಿರ, ವಿಶ್ವವಿದ್ಯಾಲಯಕ್ಕೆ ನಡೆದೇ ಹೋಗಬಹುದಿತ್ತು. ನಾವೂ 1977ರಲ್ಲಿ ಎರಡು ಸೂಟ್‌ಕೇಸು, ಒಂದು ಪ್ರೆಷರ್ ಕುಕ್ಕರು ಹೊತ್ತುಕೊಂಡು ಬಂದು ಪೊವೆಲ್ಟನ್ ಕಡೆ ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ ಸಂಸಾರ ಹೂಡಿದೆವು. ನಮ್ಮಿಬ್ಬರಲ್ಲಿ ಒಬ್ಬರಿಗೆ ಮಾರ್ಕೆಟ್ ಸ್ಟ್ರೀಟಿನ ಒಂದು ಪ್ರಯೋಗಾಲಯದಲ್ಲಿ ಕೆಲಸ. ಎರಡು ವರ್ಷ ದುಡ್ಡು ಕೂಡಿಸಿ ಕೊಂಡ ಹಳೆಯ ಕಾರನ್ನು ನಿಲ್ಲಿಸಲು ಕಟ್ಟಡದ ಹಿಂದೆಯೇ ವಿಶಾಲವಾದ ಬಯಲು. ಊರಿನ ನಡುವೆ ಇಷ್ಟು ದೊಡ್ಡ ಖಾಲಿ ಜಾಗ ಹೇಗೆ ಬಂತು ಎಂದು ನಾವು ಒಂದು ದಿನವೂ ಯೋಚಿಸಲಿಲ್ಲ. ಅಮೆರಿಕದಲ್ಲಿ ಜಾಗಕ್ಕೇನು ಕೊರತೆ ಎಂದುಕೊಂಡೆವು, ಅಷ್ಟೇ.

ಆ ಪ್ರಶ್ನೆ ಕೇಳಲು ಸುಮಾರು 45 ವರ್ಷಗಳ ನಂತರ ಸ್ನೇಹಿತರ ಮಗಳೊಬ್ಬಳು ಬರಬೇಕಾಯಿತು. ನಮ್ಮ ಸಂಘದಲ್ಲೇ ಕನ್ನಡ ಅಕ್ಷರ ಕಲಿತ ಹುಡುಗಿ, ಈಗ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಹೋದ ಬೇಸಿಗೆ ರಜೆಯಲ್ಲಿ ಅವಳು ಊರು ಸುತ್ತಲು ಹೋಗದೆ, ವಿಶ್ವವಿದ್ಯಾಲಯದ ಬೇಸಿಗೆ ಸೇವಾ ಕಾರ್ಯಕ್ರಮಕ್ಕೆ ಸೇರಿಕೊಂಡಳು. ಬೆಳಿಗ್ಗೆ ಅಲ್ಲಿನ ಶಾಲೆಯ ಮಕ್ಕಳಿಗೆ ಪಾಠ ಹೇಳುವುದು, ಮಧ್ಯಾಹ್ನ ಆ ಮಕ್ಕಳನ್ನೂ ಜೊತೆಗೆ ಕಟ್ಟಿಕೊಂಡು ಅವರದೇ ಬೀದಿಗಳ ಚರಿತ್ರೆ ಹುಡುಕುವುದು. ಒಂದು ಸಂಜೆ ನಮ್ಮ ಮನೆಗೆ ಬಂದು, ಉಪ್ಪಿಟ್ಟು ತಿನ್ನುತ್ತಾ, ಒಂದು ಹಳೆಯ ನಕ್ಷೆಯ ಪ್ರತಿಯನ್ನು ಮೇಜಿನ ಮೇಲೆ ಹರಡಿದಳು. ನೀವು ಕೆಲಸ ಮಾಡುತ್ತಿದ್ದ ಕಟ್ಟಡ ಎಲ್ಲಿ ತೋರಿಸಿ ಎಂದಳು. ತೋರಿಸಿದೆವು. ಕಾರು ನಿಲ್ಲಿಸುತ್ತಿದ್ದದ್ದು ಎಲ್ಲಿ ಎಂದಳು. ಬೆರಳಿಟ್ಟ ಜಾಗದಲ್ಲಿ ನಕ್ಷೆಯ ತುಂಬ ಪುಟ್ಟ ಪುಟ್ಟ ಮನೆಗಳು, ಒಂದಕ್ಕೊಂದು ಗೋಡೆ ಅಂಟಿಕೊಂಡು ಸಾಲಾಗಿ ನಿಂತಿದ್ದವು.

ಆ ಕೇರಿಯ ಹೆಸರು ಬ್ಲ್ಯಾಕ್ ಬಾಟಮ್. ಬಾಟಮ್ ಎಂದರೆ ತಗ್ಗು. 40ನೆಯ ಬೀದಿಯಿಂದ ಪೂರ್ವಕ್ಕೆ ನದಿಯ ಕಡೆ ನೆಲ ಇಳಿಯುತ್ತದೆ. ಮೇಲಿನವರನ್ನು ‘ಟಾಪ್‌’ನವರು, ಕೆಳಗಿನವರನ್ನು ‘ಬಾಟಮ್‌’ನವರು ಎಂದು ಕರೆಯುತ್ತಿದ್ದರಂತೆ. ನಮ್ಮ ಹಳ್ಳಿಗಳ ಮೇಲಿನಕೇರಿ, ಕೆಳಗಿನಕೇರಿ ನೆನಪಾಯಿತು. ಇಲ್ಲಿ ಮೊದಲು ಐರಿಷ್ ಮೊದಲಾದ ವಲಸೆಗಾರರಿದ್ದರು. ಮೊದಲನೆಯ ಮಹಾಯುದ್ಧದ ಕಾಲದಿಂದ ದಕ್ಷಿಣದ ರಾಜ್ಯಗಳ ಬಡತನವನ್ನೂ ಬಿಳಿಯರ ದಬ್ಬಾಳಿಕೆಯನ್ನೂ ಬಿಟ್ಟು ವರ್ಜೀನಿಯಾ, ಕೆರೊಲೈನಾ, ಜಾರ್ಜಿಯಾ ಕಡೆಯಿಂದ ಲಕ್ಷಾಂತರ ಕಪ್ಪು ಜನ ಉತ್ತರದ ನಗರಗಳಿಗೆ ಬಂದರು. ಅವರಲ್ಲಿ ಹಲವರು ಈ ತಗ್ಗಿನಲ್ಲಿ ನೆಲೆಸಿದರು. ಚರ್ಚುಗಳು, ಕ್ಷೌರದಂಗಡಿ, ದಿನಸಿ ಅಂಗಡಿ, ಮೆಟ್ಟಿಲ ಮೇಲೆ ಸಂಜೆ ಕೂತು ಹರಟುವ ಹೆಂಗಸರು, ಎಲ್ಲ ಇದ್ದ ಕೇರಿ. ಮಾರ್ಕೆಟ್ ಸ್ಟ್ರೀಟಿನಲ್ಲಿ ತಲೆಯ ಮೇಲೆ ಕಂಬಗಳ ಮೇಲಿನ ರೈಲು ಗಡಗಡ ಓಡುತ್ತಿತ್ತು. ಈ ಭಾಗದಲ್ಲಿ ಅದನ್ನು ನೆಲದಡಿಗೆ ಇಳಿಸಿದ್ದು 1955ರಲ್ಲಿ.

ಮಕ್ಕಳು ಇದನ್ನೆಲ್ಲ ಹೇಗೆ ಕಂಡುಹಿಡಿದರು ಎನ್ನುವುದನ್ನು ಸ್ವಲ್ಪ ಹೇಳಬೇಕು. ನಮ್ಮ ಮನೆಗಳಲ್ಲಿರುವ ಕಾಲೇಜು ಮಕ್ಕಳಿಗೂ ಉಪಯೋಗವಾದೀತು.

ಮೊದಲನೆಯದು ಸ್ಯಾನ್‌ಬಾರ್ನ್ ನಕ್ಷೆಗಳು. ಬೆಂಕಿ ವಿಮೆ ಕಂಪನಿಗಳಿಗಾಗಿ ತಯಾರಿಸುತ್ತಿದ್ದ ಇವುಗಳಲ್ಲಿ ಒಂದೊಂದು ಕಟ್ಟಡವನ್ನೂ ಬರೆದಿರುತ್ತಾರೆ. ಇಟ್ಟಿಗೆಯದಾದರೆ ಗುಲಾಬಿ ಬಣ್ಣ, ಮರದ್ದಾದರೆ ಹಳದಿ. ಎಷ್ಟು ಮಹಡಿ, ಅಂಗಡಿಯೋ ಮನೆಯೋ ಎಲ್ಲ ಗೊತ್ತಾಗುತ್ತದೆ. ಎರಡನೆಯದು ಜನಗಣತಿ. ಅಮೆರಿಕದಲ್ಲಿ ಮನೆಮನೆಯ ಜನಗಣತಿ ಹಾಳೆಗಳನ್ನು 72 ವರ್ಷ ಗುಟ್ಟಾಗಿ ಇಟ್ಟು ಆಮೇಲೆ ಎಲ್ಲರಿಗೂ ತೆರೆಯುತ್ತಾರೆ. 1950ರ ಗಣತಿಯ ಹಾಳೆಗಳು 2022ರ ಏಪ್ರಿಲ್ 1ರಂದು ಹೊರಬಂದವು. ಹೀಗಾಗಿ ಬೀದಿಯ ಹೆಸರು, ಮನೆಯ ನಂಬರು ಹಿಡಿದು ಹುಡುಕಿದರೆ ಮನೆಯ ಯಜಮಾನ ಯಾರು, ಮಕ್ಕಳೆಷ್ಟು, ಹುಟ್ಟಿದ್ದು ಯಾವ ರಾಜ್ಯದಲ್ಲಿ, ಏನು ಕೆಲಸ ಎಲ್ಲ ಸಿಗುತ್ತದೆ. ಮೂರನೆಯದು ಟೆಂಪಲ್ ವಿಶ್ವವಿದ್ಯಾಲಯದ ಅರ್ಬನ್ ಆರ್ಕೈವ್ಸ್. 1982ರಲ್ಲಿ ಮುಚ್ಚಿಹೋದ ‘ಬುಲೆಟಿನ್’ ಪತ್ರಿಕೆಯ ಹಳೆಯ ಫೋಟೋಗಳೂ ಕತ್ತರಿಸಿಟ್ಟ ಸುದ್ದಿಗಳೂ ಅಲ್ಲಿವೆ. ಇವೆಲ್ಲಕ್ಕಿಂತ ಮುಖ್ಯವಾದ ನಾಲ್ಕನೆಯದು, ಅಲ್ಲಿ ಬೆಳೆದ ಹಿರಿಯರ ಬಾಯಿಮಾತು.

ನಮ್ಮ ಹುಡುಗಿ ಹೇಳಿದ ಒಂದು ಪ್ರಸಂಗ ನಮಗೆ ಹಿಡಿಸಿತು. ಮೊದಲ ವಾರ ಅವಳು ಒಬ್ಬ ಅಜ್ಜಿಯ ಮುಂದೆ ಕೂತು, ನಿಮ್ಮ ಕೇರಿ ಯಾವಾಗ ಕೊಳೆಗೇರಿಯಾಯಿತು ಎಂದು ಕೇಳಿಬಿಟ್ಟಳಂತೆ. ಆಕೆ ಮುಖ ತಿರುಗಿಸಲಿಲ್ಲ. ಕೊಳೆಗೇರಿ ಎಂಬ ಮಾತು ಯಾರದು ಮಗೂ, ಅದನ್ನು ಹೋಗಿ ಹುಡುಕು ಎಂದು ಕಳಿಸಿದರಂತೆ. ಉಳಿದ ಬೇಸಿಗೆಯೆಲ್ಲ ಅವಳು ಹುಡುಕಿದ್ದು ಅದನ್ನೇ. ನಮಗೆ ತಿಳಿದಷ್ಟನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇವೆ.

ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ, ಮನೆ ಸಾಲ ತೀರಿಸಲಾರದವರಿಗೆ ನೆರವಾಗಲು ಕೇಂದ್ರ ಸರ್ಕಾರ ಒಂದು ಗೃಹಸಾಲ ಸಂಸ್ಥೆಯನ್ನು ತೆರೆಯಿತು. ಅದು ದೊಡ್ಡ ನಗರಗಳ ನಕ್ಷೆ ಮಾಡಿ ಬಡಾವಣೆಗಳಿಗೆ ನಾಲ್ಕು ಬಣ್ಣ ಬಳಿಯಿತು. ಉತ್ತಮವಾದವು ಹಸಿರು, ಆಮೇಲೆ ನೀಲಿ, ಹಳದಿ, ಕೊನೆಗೆ ಕೆಂಪು. ಕೆಂಪೆಂದರೆ ಸಾಲ ಕೊಡುವುದು ಅಪಾಯ. ಮನೆಗಳು ಎಷ್ಟು ಹಳೆಯವು ಎಂಬುದರ ಜೊತೆಗೆ ಕಪ್ಪು ಜನ ಎಷ್ಟಿದ್ದಾರೆ, ಹೊರದೇಶದವರು ಎಷ್ಟಿದ್ದಾರೆ ಎಂಬ ಕಾಲಮ್ಮೂ ಆ ಫಾರಮ್ಮಿನಲ್ಲಿತ್ತು. ಈ ತಗ್ಗಿನ ಕೇರಿಗೂ ಕೆಂಪು ಬಣ್ಣವೇ ಬಿತ್ತು. ಬ್ಯಾಂಕುಗಳೂ ಸರ್ಕಾರದ ಸಾಲ ಖಾತರಿ ಇಲಾಖೆಯೂ ನಡೆದದ್ದು ಇದೇ ದಾರಿಯಲ್ಲಿ. ಸಾಲ ಹುಟ್ಟದಿದ್ದರೆ ಮನೆಯ ಚಾವಣಿ ರಿಪೇರಿ ಮಾಡುವುದು ಹೇಗೆ? ಮಾರುವುದಾದರೂ ಯಾರಿಗೆ? ಇಪ್ಪತ್ತು ವರ್ಷ ಹೀಗೆ ಕಳೆದ ಮೇಲೆ ಇನ್ಸ್‌ಪೆಕ್ಟರುಗಳು ಬಂದು, ಇಲ್ಲಿ ಮನೆಗಳು ಶಿಥಿಲವಾಗಿವೆ ಎಂದು ಬರೆದುಕೊಂಡು ಹೋದರು.

ಅಷ್ಟರಲ್ಲಿ 1949ರ ವಸತಿ ಕಾಯಿದೆ ಬಂದಿತ್ತು. ಶಿಥಿಲ ಎಂದು ಘೋಷಿಸಿದ ಪ್ರದೇಶವನ್ನು ನಗರವು ಸ್ವಾಧೀನಪಡಿಸಿಕೊಂಡು, ಕೆಡವಿ, ಹೊಸದಾಗಿ ಕಟ್ಟುವವರಿಗೆ ಕೊಡಬಹುದು. ನಷ್ಟದ ಮೂರರಲ್ಲಿ ಎರಡು ಪಾಲು ಕೇಂದ್ರದ್ದು, ಒಂದು ಪಾಲು ನಗರದ್ದು. 1959ರಲ್ಲಿ ಇದಕ್ಕೆ ಇನ್ನೊಂದು ಕಲಮು ಸೇರಿತು. ವಿಶ್ವವಿದ್ಯಾಲಯವೊಂದು ತನ್ನ ಸುತ್ತಮುತ್ತ ಜಮೀನು ಕೊಳ್ಳಲು ಖರ್ಚು ಮಾಡಿದ ಹಣವನ್ನು ನಗರ ತನ್ನ ಪಾಲೆಂದೇ ಲೆಕ್ಕ ತೋರಿಸಬಹುದು. ಅಂದರೆ ವಿಶ್ವವಿದ್ಯಾಲಯ ಒಂದು ಡಾಲರು ಹಾಕಿದರೆ ಕೇಂದ್ರದಿಂದ ಎರಡು ಡಾಲರು ಬರುವ ಹಾದಿ. ಅದೇ 1959ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ, ಡ್ರೆಕ್ಸೆಲ್, ಪ್ರೆಸ್‌ಬಿಟೇರಿಯನ್ ಆಸ್ಪತ್ರೆ ಮೊದಲಾದ ಸಂಸ್ಥೆಗಳು ಸೇರಿ ‘ವೆಸ್ಟ್ ಫಿಲಡೆಲ್ಫಿಯಾ ಕಾರ್ಪೊರೇಷನ್’ ಕಟ್ಟಿಕೊಂಡವು. ‘ಯೂನಿವರ್ಸಿಟಿ ಸಿಟಿ’ ಎಂಬ ಹೆಸರು ಬಳಕೆಗೆ ಬಂದದ್ದು ಇವರ ಕಾಲದಲ್ಲಿ. ನಾವು ಬಂದಾಗ ಆ ಹೆಸರು ಅನಾದಿಯಿಂದ ಇತ್ತು ಎಂದೇ ತಿಳಿದಿದ್ದೆವು!

1963ರಲ್ಲಿ ಯೂನಿವರ್ಸಿಟಿ ಸಿಟಿ ಸೈನ್ಸ್ ಸೆಂಟರ್ ಹುಟ್ಟಿತು. ಮಾರ್ಕೆಟ್ ಸ್ಟ್ರೀಟಿನ ಉದ್ದಕ್ಕೂ ಪ್ರಯೋಗಾಲಯಗಳು, ಅದರ ಉತ್ತರಕ್ಕೆ ವಿಜ್ಞಾನ ಕಲಿಸುವ ಒಂದು ಹೈಸ್ಕೂಲು ಎಂಬುದು ಯೋಜನೆ. ಸರ್ಕಾರಿ ಕಡತದಲ್ಲಿ ಈ ಪ್ರದೇಶಕ್ಕೆ ‘ಯೂನಿಟ್ 3’ ಎಂದು ಹೆಸರು. ಸುಮಾರು ನೂರು ಎಕರೆ. ಅಲ್ಲಿಂದ ಎಬ್ಬಿಸಿದ ಜನ 2,600ಕ್ಕೂ ಹೆಚ್ಚು. ಅವರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಕಪ್ಪು ಜನ. ಸುತ್ತಲಿನ ಬೇರೆ ಯೋಜನೆಗಳನ್ನೂ ಸೇರಿಸಿದರೆ ಸಂಖ್ಯೆ ಇನ್ನೂ ದೊಡ್ಡದು. ಮನೆ ಸ್ವಂತದ್ದಾಗಿದ್ದವರಿಗೆ ಸರ್ಕಾರ ಕಟ್ಟಿದ ಬೆಲೆ ಸಿಕ್ಕಿತು. ಆದರೆ ಬಣ್ಣ ಬಳಿದು ಬೆಲೆ ಇಳಿಸಿದ್ದ ಕೇರಿಯ ಮನೆಗೆ ಬೆಲೆ ಎಷ್ಟು ಬಂದೀತು? ಬಾಡಿಗೆಯವರ ಪಾಡಂತೂ ಕೇಳಬೇಡಿ. ಹೀಗೆ ಎಬ್ಬಿಸಿದವರಿಗೆ ಇಂತಿಷ್ಟು ನೆರವು ಕೊಡಲೇಬೇಕೆಂದು ದೇಶಕ್ಕೆಲ್ಲ ಒಂದೇ ಕಾಯಿದೆ ಬಂದದ್ದು 1970ರಲ್ಲಿ. ಅಷ್ಟರಲ್ಲಿ ಈ ಕೇರಿ ನೆಲಸಮವಾಗಿತ್ತು.

ಆಗ ವಿದ್ಯಾರ್ಥಿಗಳೇನೂ ಸುಮ್ಮನಿರಲಿಲ್ಲ. 1969ರ ಫೆಬ್ರವರಿಯಲ್ಲಿ ನೂರಾರು ವಿದ್ಯಾರ್ಥಿಗಳು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾಲೇಜ್ ಹಾಲಿನಲ್ಲಿ ಆರು ದಿನ ಧರಣಿ ಕೂತರು. ಕೆಡವಿದ ಮನೆಗಳಿಗೆ ಬದಲಾಗಿ ಮನೆ ಕಟ್ಟಿಕೊಡಿ ಎಂಬುದು ಅವರ ಮುಖ್ಯ ಬೇಡಿಕೆ. ಲಾಠಿಯೇಟಿಲ್ಲದೆ, ಗಾಜು ಒಡೆಯದೆ ಮುಗಿದ ಧರಣಿ ಅದು. ವಿದ್ಯಾರ್ಥಿಗಳು, ಅಧ್ಯಾಪಕರು, ಆಡಳಿತ ಮಂಡಳಿ, ಊರ ಜನ ಈ ನಾಲ್ಕೂ ಕಡೆಯವರು ಸೇರಿದ ಒಂದು ಸಮಿತಿ ಆಯಿತು. ಮಾತು ಕೊಟ್ಟದ್ದಾಯಿತು. ಹಣ ಹೊಂದಿಸುವ ಕೆಲಸ ಮಾತ್ರ ಹೆಚ್ಚು ದೂರ ಸಾಗಲಿಲ್ಲ. ಜಮೀನಿನ ಬಹುಭಾಗ ಎಷ್ಟೋ ವರ್ಷ ಬಯಲಾಗಿಯೇ ಬಿದ್ದಿತ್ತು. ಅಲ್ಲಿ ಕಾರುಗಳು ನಿಂತವು. ಅವುಗಳಲ್ಲಿ ಒಂದು ನಮ್ಮದು.

ಹೈಸ್ಕೂಲು 1970ರ ದಶಕದ ಆರಂಭದಲ್ಲಿ ತೆರೆಯಿತು. ಯೋಜಿಸಿದ್ದಂಥ ವಿಜ್ಞಾನ ಶಾಲೆಯಾಗದೆ ಸಾಧಾರಣ ಶಾಲೆಯಾಗಿಯೇ ನಡೆದು 2013ರಲ್ಲಿ ಮುಚ್ಚಿತು. 2015ರಲ್ಲಿ ಅದನ್ನೂ ಕೆಡವಿದರು. ಈಗ ಆ ಕಡೆ ಹೋದರೆ ಗಾಜಿನ ಎತ್ತರದ ಕಟ್ಟಡಗಳು.

ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಊರ ಕೆಲಸಕ್ಕೆ ಇಳಿಯುವ ಪದ್ಧತಿಯೂ ಈ ಚರಿತ್ರೆಯ ಒಂದು ಭಾಗವೇ. 1985ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ಶೆಲ್ಡನ್ ಹ್ಯಾಕ್ನಿ, ಇತಿಹಾಸದ ಪ್ರಾಧ್ಯಾಪಕ ಲೀ ಬೆನ್ಸನ್, ಐರಾ ಹಾರ್ಕವಿ ಮೂವರೂ ಸೇರಿ ವಿಶ್ವವಿದ್ಯಾಲಯಕ್ಕೂ ಸುತ್ತಲಿನ ಊರಿಗೂ ಇರುವ ಸಂಬಂಧದ ಮೇಲೆ ಒಂದು ಸೆಮಿನಾರು ನಡೆಸಿದರು. ಆ ತರಗತಿಯ ವಿದ್ಯಾರ್ಥಿಗಳು ಶಾಲಾ ಹುಡುಗರಿಗೆ ಬೇಸಿಗೆಯಲ್ಲಿ ಕೆಲಸ ಕೊಟ್ಟು ಊರು ಸುಧಾರಿಸುವ ಒಂದು ಯೋಜನೆ ಬರೆದರು. ಅದೇ ವರ್ಷ ಮೇ 13ರಂದು, ‘ಮೂವ್’ ಎಂಬ ಪಂಗಡದವರು ಇದ್ದ ಓಸೇಜ್ ಅವೆನ್ಯೂವಿನ ಮನೆಯ ಮೇಲೆ ನಗರದ ಪೊಲೀಸರು ಹೆಲಿಕಾಪ್ಟರಿನಿಂದ ಬಾಂಬು ಹಾಕಿದರು. ಐದು ಮಕ್ಕಳೂ ಸೇರಿ 11 ಜನ ಸತ್ತರು, 61 ಮನೆ ಸುಟ್ಟುಹೋದವು. ಆ ಸಂಜೆ ಟೀವಿಯ ಮುಂದೆ ನಾವು ಕೂತ ಹಾಗೆಯೇ ಕೂತಿದ್ದೆವು. ವಿದ್ಯಾರ್ಥಿಗಳ ಕಾಗದದ ಯೋಜನೆ ಆ ಬೆಂಕಿಯ ನಂತರ, ಅದೇ ಸುತ್ತಿನ ಶಾಲೆಯೊಂದರಲ್ಲಿ ಕೈಕೆಲಸವಾಗಿ ಶುರುವಾಯಿತು. ಅದು ಬೆಳೆದು 1992ರಲ್ಲಿ ವಿಶ್ವವಿದ್ಯಾಲಯದ ಒಂದು ಕೇಂದ್ರವೇ ಆಯಿತು.

ಇನ್ನೂ ಹಿಂದೆ ಹೋದರೆ ದು ಬಾಯ್ಸ್ ಸಿಗುತ್ತಾರೆ. 1896ರಲ್ಲಿ, 28ರ ವಯಸ್ಸಿನಲ್ಲಿ, ಹಾರ್ವರ್ಡಿನ ಡಾಕ್ಟರೇಟ್ ಪಡೆದಿದ್ದ ಈ ಕಪ್ಪು ವಿದ್ವಾಂಸರನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಕರೆಸಿಕೊಂಡಿತು. ನದಿಯ ಆಚೆ ಹಳೆಯ ಊರಿನ ಏಳನೆಯ ವಾರ್ಡಿನ ಕಪ್ಪು ಜನರ ಸ್ಥಿತಿಗತಿ ಬರೆದುಕೊಡಬೇಕಿತ್ತು. ಹೊಸದಾಗಿ ಮದುವೆಯಾದ ಹೆಂಡತಿಯೊಡನೆ ಆ ವಾರ್ಡಿನಲ್ಲೇ ಬಿಡಾರ ಹೂಡಿ, ಮನೆಮನೆಯ ಬಾಗಿಲು ತಟ್ಟಿ, ಎರಡು ಸಾವಿರಕ್ಕೂ ಮೀರಿದ ಸಂಸಾರಗಳ ವಿವರವನ್ನು ಸ್ವತಃ ಬರೆದುಕೊಂಡರು. ಅವರ ಪುಸ್ತಕ ‘ದಿ ಫಿಲಡೆಲ್ಫಿಯಾ ನೀಗ್ರೋ’ 1899ರಲ್ಲಿ ಬಂತು. ವಿಶ್ವವಿದ್ಯಾಲಯ ಅವರಿಗೆ ಕೂರಲು ಒಂದು ಕೊಠಡಿಯನ್ನೂ ಕೊಟ್ಟಿರಲಿಲ್ಲ. ಗೌರವ ಪ್ರಾಧ್ಯಾಪಕರೆಂದು ಅವರನ್ನು ಹೆಸರಿಸಿದ್ದು 2012ರಲ್ಲಿ, ಅವರು ಸತ್ತು 49 ವರ್ಷಗಳಾದ ಮೇಲೆ. ಬೀದಿಯಲ್ಲಿ ನಿಂತು ಲೆಕ್ಕ ಬರೆದುಕೊಳ್ಳುವ ನಮ್ಮ ಹುಡುಗಿಯಂಥವರಿಗೆಲ್ಲ ಅವರು ಹಿರಿಯಣ್ಣ ಎನ್ನಬಹುದು.

ಈಗ ನಮ್ಮ ಮಾತಿಗೆ ಬರುತ್ತೇವೆ. ನಮ್ಮಂಥವರಿಗೆ ಈ ದೇಶದ ಬಾಗಿಲು ತೆರೆದದ್ದು 1965ರ ವಲಸೆ ಕಾಯಿದೆ. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ದೇಶದ ಮನಸ್ಸನ್ನು ಕಲಕಿದ ಕಾಲದಲ್ಲಿ, ಮತದಾನದ ಹಕ್ಕಿನ ಕಾಯಿದೆ ಬಂದ ವರ್ಷವೇ ಅದೂ ಬಂತು. ಜನಾಂಗ ನೋಡಿ ಕೋಟಾ ಹಾಕುವುದು ತಪ್ಪು ಎಂದು ದೇಶ ಒಪ್ಪಿಕೊಂಡದ್ದರಿಂದ ನಾವು ಇಲ್ಲಿದ್ದೇವೆ. ಅದೇ ವರ್ಷಗಳಲ್ಲಿ ಫಿಲಡೆಲ್ಫಿಯಾದ ತಗ್ಗಿನಲ್ಲಿ ಕಪ್ಪು ಜನರ ಮನೆಗಳು ಬೀಳುತ್ತಿದ್ದವು. ಅವರ ಹೋರಾಟದಿಂದ ನಮಗೆ ಬಾಗಿಲು ತೆರೆಯಿತು. ನಮ್ಮ ಕೆಲಸ ಅವರ ಮನೆಗಳಿದ್ದ ಜಾಗದಲ್ಲಿ ಸಿಕ್ಕಿತು. ನಾವು ಯಾರನ್ನೂ ಎಬ್ಬಿಸಲಿಲ್ಲ, ನಿಜ. ಆದರೆ ಆ ಏರಿಯಾ ಸರಿಯಿಲ್ಲ, ರಾತ್ರಿ ಆ ಕಡೆ ಹೋಗಬೇಡಿ ಎಂದು ಹೊಸದಾಗಿ ಬಂದವರಿಗೆಲ್ಲ ಹೇಳಿಕೊಟ್ಟವರು ನಾವೇ. ಸರಿಯಿಲ್ಲದ್ದು ಹೇಗಾಯಿತು ಎಂದು ಕೇಳಿದ್ದರೆ ನಮ್ಮ ಅಕ್ಕಿಯ ಮೂಟೆಯೇನೂ ಕರಗುತ್ತಿರಲಿಲ್ಲ.

ಅಂದು ಸಂಜೆ ಹುಡುಗಿ ಇನ್ನೊಂದು ಪ್ರಶ್ನೆಯನ್ನೂ ಕೇಳಿದಳು. ನಮ್ಮಲ್ಲೊಬ್ಬರು ಬೆಂಗಳೂರಿನ ಜಯನಗರದಲ್ಲಿ ಬೆಳೆದವರು. ತಂದೆಯವರಿಗೆ ಅಲ್ಲಿ ಸೈಟು ಸಿಕ್ಕಿತ್ತು. ಜಯನಗರಕ್ಕಿಂತ ಮೊದಲು ಅಲ್ಲಿ ಏನಿತ್ತು ಅಂಕಲ್ ಎಂದಳು. ಬಡಾವಣೆಗೆ ಅಡಿಗಲ್ಲು ಬಿದ್ದದ್ದು 1948ರಲ್ಲಿ, ಅದಕ್ಕೆ ಮೊದಲು ಹೊಲಗಳಿದ್ದವು ಎಂದೆವು. ಯಾರ ಹೊಲ? ಎಡಿಯೂರು, ಸಿದ್ದಾಪುರ, ಬೈರಸಂದ್ರ ಎಂಬ ಹೆಸರುಗಳು ಬಸ್ಸಿನ ಬೋರ್ಡಿನಲ್ಲಿ ಇಂದಿಗೂ ಇವೆ. ಅವು ಸ್ಟಾಪುಗಳಾಗುವ ಮೊದಲು ಹಳ್ಳಿಗಳಾಗಿದ್ದವು. ನಮ್ಮ ಮನೆಗೆ ಹಾಲು ತಂದು ಹಾಕುತ್ತಿದ್ದಾತ ಅಂಥ ಒಂದು ಹಳ್ಳಿಯವನು. ಅವನ ಹೊಲ ಎಲ್ಲಿತ್ತು ಎಂದು ನಾವು ಹತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಹುಡುಗಿ ಏನೂ ಅನ್ನದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಆಗಸ್ಟ್ ಕೊನೆಯ ಭಾನುವಾರ ಬ್ಲ್ಯಾಕ್ ಬಾಟಮ್ಮಿನ ಹಳಬರು ಫೇರ್‌ಮೌಂಟ್ ಪಾರ್ಕಿನಲ್ಲಿ ಸೇರುತ್ತಾರೆ. 1980ರ ದಶಕದಿಂದ ನಡೆದುಬಂದ ಪದ್ಧತಿ ಇದು. ಈಗ ಅವರ ಮಕ್ಕಳು, ಮೊಮ್ಮಕ್ಕಳೂ ಬರುತ್ತಾರೆ. ಹುಡುಗಿಯ ಜೊತೆ ನಾವೂ ಹೋದೆವು. ಡೇರೆಗಳು, ಕೆಂಡದ ಮೇಲೆ ಅಡುಗೆ, ಜೋರಾದ ಹಾಡು, ಮಡಿಸುವ ಕುರ್ಚಿಗಳಲ್ಲಿ ಕೂತ ಮುದುಕರು. ಯಾವ ಬೀದಿಯವರು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ನಮ್ಮ ಸಂಘದ ಪಿಕ್ನಿಕ್ಕಿನಲ್ಲಿ ನಾವು, ನಿಮ್ಮದು ಯಾವ ಊರಾಯಿತು ಎಂದು ಕೇಳಿಕೊಳ್ಳುತ್ತೇವಲ್ಲ, ಹಾಗೆಯೇ. ಒಂದು ವ್ಯತ್ಯಾಸ ಮಾತ್ರ. ನಾವು ನಮ್ಮ ಊರನ್ನು ಬಿಟ್ಟು ಬಂದವರು, ಟಿಕೆಟ್ ಕೊಂಡರೆ ಮತ್ತೆ ಹೋಗಬಹುದು. ಅವರು ನಿಂತ ಪಾರ್ಕಿನಿಂದ ಅವರ ಊರಿಗೆ ಕಾರಿನಲ್ಲಿ ಕೆಲವೇ ನಿಮಿಷ, ಹೋದರೆ ಅಲ್ಲಿ ಅದು ಇಲ್ಲ.

ಹುಡುಗಿ 1950ರ ಗಣತಿಯ ಹಾಳೆಯೊಂದರ ಪ್ರತಿ ತಂದಿದ್ದಳು. ಒಬ್ಬ ಹಿರಿಯರು ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ಹೋದರು. ಇವರು ನಮ್ಮ ಪಕ್ಕದ ಮನೆ, ಇವರ ಮಗ ನನ್ನ ಜೊತೆ ಬೇಸ್‌ಬಾಲ್ ಆಡುತ್ತಿದ್ದ, ಈಕೆ ಭಾನುವಾರ ಎಲ್ಲ ಮಕ್ಕಳಿಗೂ ಕೇಕು ಕೊಡುತ್ತಿದ್ದಳು ಎಂದರು. ಆಮೇಲೆ ಒಂದು ಹೆಸರಿನ ಹತ್ತಿರ ನಿಂತರು. ಎರಡು ವರ್ಷದ ಗಂಡುಮಗು. ಅದು ಅವರೇ. ನಾವು ಕಾರು ನಿಲ್ಲಿಸುತ್ತಿದ್ದ ಸಂಗತಿಯನ್ನು ಅವರಿಗೆ ಹೇಳಿದೆವು. ಹೇಳದೆ ಇರುವುದು ಸರಿಯಲ್ಲ ಅನ್ನಿಸಿತು. ಅವರು ಒಂದು ಕ್ಷಣ ನಮ್ಮನ್ನೇ ನೋಡಿ, ಎಷ್ಟನೆಯ ಬೀದಿಯ ಹತ್ತಿರ ಎಂದು ಕೇಳಿದರು. ಹೇಳಿದೆವು. ಹಾಗಾದರೆ ಅದು ನಮ್ಮ ಮನೆಯಲ್ಲ, ಎರಡು ಬೀದಿ ಆಚೆ ಎಂದು ನಕ್ಕು, ಊಟ ಮಾಡಿ ಹೋಗಿ ಎಂದು ತಟ್ಟೆ ಕೊಟ್ಟರು. ನಾವು ಸಸ್ಯಾಹಾರಿಗಳೆಂದಾಗ ಜೋಳದ ತೆನೆ, ಆಲೂಗಡ್ಡೆ ಸಾಲಾಡು ಹುಡುಕಿ ತಂದುಕೊಟ್ಟರು.

ಈ ಕತೆ ಮುಗಿದುಹೋದದ್ದೇನೂ ಅಲ್ಲ. 40ನೆಯ ಬೀದಿ ಮತ್ತು ಮಾರ್ಕೆಟ್ ಸ್ಟ್ರೀಟಿನ ಮೂಲೆಯಲ್ಲಿ, ಕಡಿಮೆ ವರಮಾನದವರಿಗಾಗಿ 1980ರ ದಶಕದ ಆರಂಭದಲ್ಲಿ ಕಟ್ಟಿದ್ದ 70 ಮನೆಗಳಿದ್ದವು. ಅವುಗಳ ಮಾಲೀಕರು 2021ರಲ್ಲಿ ಸರ್ಕಾರದೊಡನೆ ಇದ್ದ ಕರಾರು ಮುಗಿಸಿ ಜಾಗ ಮಾರುವುದಾಗಿ ತಿಳಿಸಿದರು. ನಿವಾಸಿಗಳು 2022ರಲ್ಲಿ ಡೇರೆ ಹಾಕಿ ಕೂತರು, ವಿದ್ಯಾರ್ಥಿಗಳೂ ಜೊತೆಗೆ ನಿಂತರು. 2023ರಲ್ಲಿ ನಗರಕ್ಕೂ ಮಾಲೀಕರಿಗೂ ಆದ ರಾಜಿಯಂತೆ ಜಾಗದ ಒಂದು ಭಾಗವನ್ನು ಕಡಿಮೆ ಬಾಡಿಗೆಯ ಮನೆಗಳಿಗೆ ಬಿಟ್ಟುಕೊಡುವುದೆಂದು ಗೊತ್ತಾಯಿತು, ಎದ್ದುಹೋಗಬೇಕಾದವರಿಗೆ ಹಣವೂ ಸಿಕ್ಕಿತು. 1960ರ ದಶಕದಲ್ಲಿ ಇಷ್ಟೂ ಸಿಕ್ಕಿರಲಿಲ್ಲ. ಹಳೆಯ ಕೇರಿಯ ಹೆಸರನ್ನು ಜನ ಮರೆಯದೆ ಉಳಿಸಿಕೊಂಡದ್ದು ಇಲ್ಲಿ ಕೆಲಸಕ್ಕೆ ಬಂತು ಎಂದು ನಮ್ಮ ಹುಡುಗಿ ಹೇಳುತ್ತಾಳೆ. ನಮಗೂ ಹಾಗೆಯೇ ಅನ್ನಿಸುತ್ತದೆ.

ಕೊನೆಗೆ ಒಂದು ವಿನಂತಿ. ರಾಜ್ಯೋತ್ಸವದ ದಿನ ಊಟದ ಸಾಲಿನ ಪಕ್ಕದಲ್ಲಿ ಒಂದು ಮೇಜು ಹಾಕಿ, ನಮ್ಮ ಕಾಲೇಜು ಮಕ್ಕಳು ನಾಲ್ಕು ಮಂದಿ ನೋಟ್‌ಬುಕ್ಕು, ನಕ್ಷೆ ಹಿಡಿದು ಕೂರುತ್ತಾರೆ. ಅಮೆರಿಕದಲ್ಲಿ ನಿಮ್ಮ ಮೊದಲ ಮನೆಯ ವಿಳಾಸ ನೆನಪಿಸಿಕೊಂಡು ಬನ್ನಿ. ಬೀದಿ, ನಂಬರು, ವರ್ಷ, ಮಾಲೀಕರ ಹೆಸರು, ಪಕ್ಕದ ಮನೆಯವರು ಯಾರು, ಎಷ್ಟು ನೆನಪಿದ್ದರೆ ಅಷ್ಟು. ಹಳೆಯ ಫೋಟೋ ಇದ್ದರೆ ತನ್ನಿ. ನೀವಿದ್ದ ಮನೆಯಲ್ಲಿ 1950ರಲ್ಲಿ ಯಾರಿದ್ದರು ಎಂದು ಮಕ್ಕಳು ಅಲ್ಲೇ ಹುಡುಕಿ ಹೇಳುತ್ತಾರೆ. ಊರಿನಲ್ಲಿ ನಿಮ್ಮ ಮನೆ ಇದ್ದ ಜಾಗದ ಹಳೆಯ ಹೆಸರು ಗೊತ್ತಿದ್ದರೆ ಅದನ್ನೂ ಬರೆಸಿ. ನಾವು ನಮ್ಮದನ್ನು ಬರೆಸಿದ್ದೇವೆ. ಜಯನಗರದ ಮನೆಯ ಮುಂದೆ ‘ಹಾಲಿನವನ ಹಳ್ಳಿ, ವಿಚಾರಿಸಬೇಕು’ ಎಂದು ಗುರುತು ಹಾಕಿಸಿ, ಬೆಂಗಳೂರಿನ ತಮ್ಮನಿಗೆ ಫೋನು ಮಾಡಿದ್ದೇವೆ.